ಆಕ್ಷೇಪಣೆ ಬರೆಯಲು ಯಾರ ಅಪ್ಪಣೆ ಬೇಕು?

ಕೋಣನಕುಂಟೆಯ ಒಳರಸ್ತೆಗಳಲ್ಲಿ ಆಸ್ತಿ ತೆರಿಗೆಯ ನೋಟಿಸು ಬಂದ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಆ ಮನೆಯವರು ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡುವುದಿಲ್ಲ. ಮೂರನೆಯ ದಿನ ‘ಕೆಲಸ ಮಾಡಿಸಿಕೊಡುವ’ ಏಜೆಂಟನ ಮೊಬೈಲ್ ನಂಬರ್ ಕೇಳಿಕೊಂಡು ಹೊರಡುತ್ತಾರೆ. ನೋಟಿಸಿಗೆ ಉತ್ತರ ಬರೆಯಬಹುದು, ಲೆಕ್ಕ ತಪ್ಪಿದ್ದರೆ ತಪ್ಪೆಂದು ಹೇಳಬಹುದು ಎಂಬ ಯೋಚನೆ ಅವರಿಗೆ ಬರುವುದೇ ಇಲ್ಲ. ಬರದಂತೆ ನೋಡಿಕೊಳ್ಳಲು ನಮ್ಮ ವ್ಯವಸ್ಥೆ ಬಹಳ ಶ್ರಮವಹಿಸಿದೆ.

ಸ್ವಯಂ ಘೋಷಣೆಯ ಆಸ್ತಿ ತೆರಿಗೆ ಬೆಂಗಳೂರಿಗೆ ಬಂದದ್ದು 2000ದಲ್ಲಿ. ಬಿಲ್ ಕಲೆಕ್ಟರನ ಕೃಪೆಯಿಂದ ಮನೆಯವರನ್ನು ಬಿಡಿಸುವ ಸುಧಾರಣೆ ಎಂದು ಅದನ್ನು ಹೊಗಳಲಾಯಿತು. 2008ರಲ್ಲಿ ಈಗಿನ ಲೆಕ್ಕ ಬಂತು. ಊರನ್ನು ನೆಲದ ಬೆಲೆಗೆ ತಕ್ಕಂತೆ ‘ಎ’ಯಿಂದ ‘ಎಫ್’ವರೆಗೆ ಆರು ವಲಯಗಳಾಗಿ ಹಂಚಿ, ಒಂದೊಂದಕ್ಕೂ ಚದರಡಿಗೆ ತಿಂಗಳ ದರ ಗೊತ್ತುಮಾಡಿದರು. ವಿಸ್ತೀರ್ಣವನ್ನು ಆ ದರದಿಂದಲೂ ಹತ್ತು ತಿಂಗಳಿನಿಂದಲೂ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರ ಶೇಕಡಾ 20 ತೆರಿಗೆ. ಅದರ ಮೇಲೆ ಶೇಕಡಾ 24 ಉಪಕರ. ಶೀಟು, ಹೆಂಚಿನ ಮನೆಗೆ ಆರ್‌ಸಿಸಿ ಮನೆಗಿಂತ ಕಡಿಮೆ ದರ. ಸ್ವಂತ ವಾಸದ ಮನೆಗೆ ಬಾಡಿಗೆ ಮನೆಯ ಅರ್ಧ.

ಈ ‘ಅರ್ಧ’ ಎಂಬ ಪದದಲ್ಲೇ ಎಷ್ಟೋ ಮನೆಗಳ ಸಂಕಟ ಅಡಗಿದೆ. 2008ರ ಪಟ್ಟಿಯಲ್ಲಿ ‘ಡಿ’ ವಲಯದ ಆರ್‌ಸಿಸಿ ಮನೆಗೆ ಸ್ವಂತ ವಾಸಕ್ಕೆ 1 ರೂ. 60 ಪೈಸೆ, ಬಾಡಿಗೆಗೆ 3 ರೂ. 20 ಪೈಸೆ. ಅಂದರೆ ಸವಕಳಿ ಕಳೆಯುವ ಮುನ್ನ 600 ಚದರಡಿಯ ಒಂದು ಮಹಡಿಗೆ ವರ್ಷಕ್ಕೆ ಸುಮಾರು 2,380 ರೂಪಾಯಿ. ಬಾಡಿಗೆ ಎಂದು ಬರೆದರೆ 4,760. 2016ರಲ್ಲಿ ವಸತಿ ದರ ಶೇಕಡಾ 20ರಷ್ಟು ಏರಿದ್ದು ಇದಕ್ಕೆ ಹೊರತು. ನಾವು ಖಾಲಾ ಎಂದೇ ಕರೆಯುವ ಹಿರಿಯ ಹೆಂಗಸೊಬ್ಬರ ಮನೆಯ ಮೇಲಿನ ಮಹಡಿಯಲ್ಲಿ ಅವರ ಮಗನ ಸಂಸಾರವಿದೆ. ಅದಕ್ಕೆ ಬೇರೆ ಕರೆಂಟ್ ಮೀಟರು ಇದೆ ಎಂಬ ಒಂದೇ ಕಾರಣಕ್ಕೆ ಅದು ಕಡತದಲ್ಲಿ ಬಾಡಿಗೆ ಮನೆಯಾಯಿತು. ರೇಷನ್ ಕಾರ್ಡು, ಗ್ಯಾಸ್ ಪುಸ್ತಕ, ಮತದಾರರ ಗುರುತಿನ ಚೀಟಿ ಎಲ್ಲವೂ ಇದ್ದವು. ಆದರೂ ಅವರು ಕೇಳಿದ್ದು: “ಸರ್ಕಾರದ ಕಾಗದ ಸುಳ್ಳು ಹೇಳುತ್ತಾ ಬೇಟಾ?” ಏಜೆಂಟನಿಗೆ ಹಣ ಕೊಟ್ಟರು. ಏಜೆಂಟ ಆ ವರ್ಷದ ತಗಾದೆಯನ್ನು ಹೇಗೋ ಅಡಗಿಸಿದ. ಕಡತದ ಸಾಲು ಹಾಗೆಯೇ ಉಳಿಯಿತು. ಮುಂದಿನ ವರ್ಷ ಮತ್ತೆ ಅದೇ ನೋಟಿಸು, ಮತ್ತೆ ಅದೇ ಏಜೆಂಟ. ತಪ್ಪು ತಿದ್ದಿಬಿಟ್ಟರೆ ಅವನ ಹೊಟ್ಟೆಪಾಡೇನು!

‘ಜನ ಸುಳ್ಳು ಘೋಷಿಸುತ್ತಾರೆ, ಅದಕ್ಕೇ ದಂಡ’ ಎನ್ನುತ್ತಾರೆ. ಘೋಷಿಸುವವರಿದ್ದಾರೆ, ನಿಜ. ಇಡೀ ಕಟ್ಟಡ ಬಾಡಿಗೆಗೆ ಕೊಟ್ಟು ಸ್ವಂತ ವಾಸ ಎಂದು ಬರೆಯುವ ಧಣಿಗಳಿಗೆ ದಂಡ ಬೀಳಲೇಬೇಕು. ಚರಂಡಿಗೂ ಬೀದಿದೀಪಕ್ಕೂ ಹಣ ಆಕಾಶದಿಂದ ಉದುರುವುದಿಲ್ಲ. ಆದರೆ 2021ರಲ್ಲಿ ಏನಾಯಿತು? 2016ರಲ್ಲಿ ವಲಯಗಳನ್ನು ಬದಲಿಸಲಾಗಿತ್ತು. ಜನ ಹಳೆಯ ವಲಯದಲ್ಲೇ ತೆರಿಗೆ ಕಟ್ಟುತ್ತ ಬಂದರು. ಪಾಲಿಕೆಯ ಗಣಕಯಂತ್ರ ವರ್ಷಗಟ್ಟಲೆ ಅದನ್ನು ತೆಗೆದುಕೊಂಡು ರಸೀದಿ ಕೊಟ್ಟಿತು. ಆಮೇಲೊಂದು ದಿನ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಾಲೀಕರಿಗೆ, ವ್ಯತ್ಯಾಸದ ಜೊತೆ ದುಪ್ಪಟ್ಟು ದಂಡ ಮತ್ತು ಬಡ್ಡಿ ಕಟ್ಟಿ ಎಂಬ ನೋಟಿಸು ಹೋಯಿತು. ಗದ್ದಲವೆದ್ದ ಮೇಲೆ ಸರ್ಕಾರ ಆ ದುಪ್ಪಟ್ಟು ದಂಡವನ್ನು ಕೈಬಿಟ್ಟಿತು. 2024ರ ತಿದ್ದುಪಡಿಯಲ್ಲಿ ದಂಡವನ್ನು ಎರಡು ಪಟ್ಟಿನಿಂದ ಒಂದು ಪಟ್ಟಿಗೆ ಇಳಿಸಿದರು. ಗದ್ದಲ ಮಾಡಿದವರು ಯಾರು? ಪತ್ರಿಕೆಗೆ ಬರೆಯಬಲ್ಲವರು, ನಿವಾಸಿಗಳ ಸಂಘ ಇದ್ದವರು. ನೋಟಿಸು ಕಂಡೊಡನೆ ಒಡವೆ ಅಡವಿಟ್ಟು ಕಟ್ಟಿಬಿಟ್ಟವರ ಪರವಾಗಿ ಮಾತಾಡಿದವರು ಯಾರು?

ಕೋಣನಕುಂಟೆಯಂಥ ಊರಿಗೆ ಇದು ಇನ್ನಷ್ಟು ಬಿಗಿಯಾಗಿ ತಟ್ಟುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಕಟ್ಟಿದಾಗ ನಗರದ ಅಂಚೆಲ್ಲ ಒಂದೇ ಕಂದಾಯದ ಕೆಳಗೆ ಬಂತು. ಈ ಅಂಚಿನಲ್ಲಿ ರೆವಿನ್ಯೂ ಸೈಟು ಕೊಂಡು ಒಂದೊಂದೇ ಕೋಣೆ ಕಟ್ಟಿಕೊಂಡವರು ಬಹಳ. ತೆರಿಗೆ ಕಟ್ಟುವಾಗ ಅವರು ಪೂರ್ತಿ ನಾಗರಿಕರು. ಪ್ರಶ್ನೆ ಕೇಳಿದರೆ ‘ನಿಮ್ಮದು ಬಿ ಖಾತಾ, ಸುಮ್ಮನಿರಿ’ ಎಂಬ ಉತ್ತರ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೇಲೆ ಕೋಣನಕುಂಟೆ ಕ್ರಾಸಿಗೆ ಮೆಟ್ರೊ ಬಂತು. ಮೆಟ್ರೊ ಬಂದ ಕಡೆ ನೆಲದ ಬೆಲೆ ಏರುತ್ತದೆ, ಇವತ್ತಲ್ಲ ನಾಳೆ ವಲಯದ ಪಟ್ಟಿ ಅದರ ಬೆನ್ನು ಹತ್ತುತ್ತದೆ. ಮನೆಯೊಳಗಿನ ಸಂಪಾದನೆ ಮಾತ್ರ ಇದ್ದಲ್ಲೇ ಇರುತ್ತದೆ. ಮನೆ ಮಾರಿದರೆ ಕೈಗೆ ಬರುವ ಬೆಲೆಗೆ, ಮಾರಲು ಮನಸ್ಸಿಲ್ಲದವರು ಪ್ರತಿ ವರ್ಷ ಕಂದಾಯ ತೆರಬೇಕು.

ನಮಗೆ ಸಿಟ್ಟು ಬರುವುದು ಕಚೇರಿಯ ಮೇಲಷ್ಟೇ ಅಲ್ಲ. ಖಾತಾ, ಅರ್ಜಿ, ದಾಖಲೆ, ರಸೀದಿ, ಜಪ್ತಿ — ಕಚೇರಿಯ ಕನ್ನಡದ ಅರ್ಧ ನಿಘಂಟು ಉರ್ದು ಬಲ್ಲ ನಮ್ಮ ಮನೆಗಳಿಗೆ ತೀರ ಪರಿಚಿತ. ಆದರೂ ಆ ಕಚೇರಿಯ ಕಾಗದ ಬಂದರೆ ನಡುಗುತ್ತೇವೆ. ‘ಮೇಲ್ಮನವಿ’ ಎಂಬ ಮಾತಿನಲ್ಲೇ ಕೈಮುಗಿದು ನಿಂತ ಭಂಗಿ ಇದೆ. ನೋಟಿಸಿಗೆ ಮೊದಲು ಕೊಡಬೇಕಾದ ಉತ್ತರದ ಹೆಸರು ‘ಆಕ್ಷೇಪಣೆ’. ಅದರಲ್ಲಿ ಕೈಮುಗಿಯುವುದೇನೂ ಇಲ್ಲ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಬಿ.ಕಾಂ. ಓದುವ ಹುಡುಗ ಹುಡುಗಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಜಲಸಾಗಳಿಗೆ ಶಾಮಿಯಾನ ಹಾಕಿಸುವ ಕಮಿಟಿಗಳು, ಗಣೇಶನ ಪೆಂಡಾಲು ಕಟ್ಟುವ ಸಂಘಗಳು ಎರಡೂ ಇವೆ. ಒಂದು ಮೇಜು, ಎರಡು ಕುರ್ಚಿ, ಒಂದು ಅಳತೆ ಟೇಪು ಇಡಲು ಯಾರಿಗೂ ತೋಚಿಲ್ಲ.

ಅಲ್ಲಿ ಕುಳಿತವರು ಮಾಡಬೇಕಾದ್ದು ದೊಡ್ಡ ವಿದ್ಯೆಯಲ್ಲ. ವಿಸ್ತೀರ್ಣವನ್ನು ಅಳೆಯುವುದು. ಚಾವಣಿ ಯಾವುದು, ಕಟ್ಟಿದ ವರ್ಷ ಯಾವುದು, ಇರುವವರು ಯಾರು, ವಲಯ ಯಾವುದು ಎಂಬುದನ್ನು ನೋಟಿಸಿನ ಎದುರು ಇಟ್ಟು ನೋಡುವುದು. ತಪ್ಪಿದ್ದರೆ ಗಡುವಿನೊಳಗೆ ಕನ್ನಡದಲ್ಲಿ ಆಕ್ಷೇಪಣೆ ಬರೆದು, ಹಳೆಯ ರಸೀದಿಗಳ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದು. ಲೆಕ್ಕ ಸರಿಯಿದ್ದರೆ ‘ಸರಿಯಿದೆ, ಕಟ್ಟಿ’ ಎಂದು ಹೇಳುವುದೂ ಅಷ್ಟೇ ಮುಖ್ಯ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ. ಜನರ ಹತ್ತಿರ ಬರುವುದಕ್ಕೇ ಈ ವಿಂಗಡಣೆ ಎಂದರು. ಹಾಗಿದ್ದರೆ ಪ್ರತಿ ನೋಟಿಸಿನ ಬೆನ್ನಿಗೆ ಲೆಕ್ಕವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಅಚ್ಚು ಹಾಕಲಿ. ಪಾಲಿಕೆಯೇ ರಸೀದಿ ಕೊಟ್ಟ ವರ್ಷಗಳಿಗೆ ದಂಡ ಕೇಳುವುದನ್ನು ನಿಲ್ಲಿಸಲಿ. ಎಆರ್‌ಒ ಕಚೇರಿಯಲ್ಲಿ ಹಣ ಕಟ್ಟುವ ಕಿಟಕಿಯ ಪಕ್ಕದಲ್ಲೇ ಆಕ್ಷೇಪಣೆ ಪಡೆಯುವ ಕಿಟಕಿಯೊಂದನ್ನು ತೆರೆಯಲಿ. ಏಪ್ರಿಲಿನಲ್ಲಿ ಶೇಕಡಾ 5ರ ರಿಯಾಯಿತಿಗೆಂದು ಜನ ಸಾಲು ನಿಲ್ಲುವ ದಿನಗಳಲ್ಲಾದರೂ ಅಲ್ಲೊಬ್ಬ ಗುಮಾಸ್ತ ಕುಳಿತಿರಲಿ.