ಎಲ್ಲಾ ಮಂಜಿನ ತಲೆಗೆ ಕಟ್ಟಿದರೆ ಮುಗಿಯಿತೆ?

ಚಳಿಗಾಲ ಬಂತೆಂದರೆ ನಮ್ಮ ಕಡೆ ಅಪಘಾತದ ಸುದ್ದಿಗೆ ಒಂದು ಸಿದ್ಧ ಸಾಲಿದೆ: 'ದಟ್ಟ ಮಂಜು ಕವಿದಿದ್ದರಿಂದ ಎದುರಿನ ವಾಹನ ಕಾಣದೆ...' ಮಳೆಗಾಲಕ್ಕೆ ಮಂಜು ತೆಗೆದು ಮಳೆ ಹಾಕಿದರಾಯಿತು. ಠಾಣೆಯ ಎಫ್‌ಐಆರ್‌ನಲ್ಲಿ ಇನ್ನೊಂದು ಸಾಲು: 'ಅತಿವೇಗ ಮತ್ತು ನಿಷ್ಕಾಳಜಿತನದಿಂದ ಚಲಾಯಿಸಿ.' ಮೊದಲು ಐಪಿಸಿ 279, 304(ಎ) ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ 281, 106 ಆಯಿತು. ಕಲಂ ಬದಲಾದರೂ ಸಾಲು ಬದಲಾಗಲಿಲ್ಲ. ತಪ್ಪು ಒಂದೋ ದೇವರದ್ದು, ಇಲ್ಲವೋ ಡ್ರೈವರನದ್ದು. ನಡುವೆ ಇರುವ ರಸ್ತೆ, ಟ್ರಾಲಿ, ಕಾರ್ಖಾನೆ, ಇಲಾಖೆಗಳ ಹೆಸರು ಯಾರೂ ಎತ್ತುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 68 ಮಂದಿ ಸತ್ತದ್ದು ಹಳ್ಳಿಗಾಡಿನಲ್ಲಿ. ಸುಮಾರು ಮುಕ್ಕಾಲು ಪಾಲು ಅಪಘಾತ ಆಕಾಶ ಶುಭ್ರವಾಗಿದ್ದಾಗಲೇ ಆಗಿವೆ. ಅತಿ ಹೆಚ್ಚು ಅಪಘಾತದ ಹೊತ್ತು ಸಂಜೆ 6ರಿಂದ 9. ಅಂದರೆ ಕೂಲಿಯವರು ಮನೆಗೆ ಮರಳುವ ಹೊತ್ತು. ಅದೇ ವರ್ಷ ನವೆಂಬರ್ 4ರಂದು ನಮ್ಮದೇ ಜಿಲ್ಲೆಯ ಬೇಮಳಖೇಡ ಬಳಿ ಕೆಲಸ ಮುಗಿಸಿ ಆಟೋದಲ್ಲಿ ಊರಿಗೆ ಹೊರಟಿದ್ದ ಏಳು ಹೆಣ್ಣುಮಕ್ಕಳು ಲಾರಿ ಡಿಕ್ಕಿಗೆ ಬಲಿಯಾದರು.

ಮಂಜು ಏನೂ ಮಾಡುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮಂಜಿನಲ್ಲಿ 30 ಮೀಟರ್ ಮಾತ್ರ ಕಂಡರೆ ಬ್ರೇಕ್ ಒತ್ತುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಹೈ ಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ. ಆದರೆ ಆ 30 ಮೀಟರ್ ಆಚೆ ನಿಂತಿರುವುದು ಏನು? ಸಾಯಗಾಂವ, ಭಾಲ್ಕಿ ಕಡೆಯವರಿಗೆ ಹೇಳಬೇಕಿಲ್ಲ: ಪಂಕ್ಚರ್ ಆಗಿ ನಿಂತ ಕಬ್ಬಿನ ಡಬಲ್ ಟ್ರಾಲಿ. ಹಿಂದೆ ಲೈಟಿಲ್ಲ, ಇದ್ದರೂ ಹೊರಚಾಚಿದ ಕಬ್ಬು ಅದನ್ನು ಮುಚ್ಚಿರುತ್ತದೆ. ಟೈರಿಗೆ ಕೊಟ್ಟ ಕಲ್ಲು ರಸ್ತೆಯಲ್ಲೇ ಬಿದ್ದಿರುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 104 ಹೇಳುತ್ತದೆ. ಮಂಜು ಬೀಳುವ ತಿಂಗಳಲ್ಲೇ ಕಬ್ಬು ನುರಿಸುವ ಹಂಗಾಮು ಇರುತ್ತದೆಂಬುದು ಕಾರ್ಖಾನೆಯವರಿಗೂ ಆರ್‌ಟಿಓ ಸಾಹೇಬರಿಗೂ ಗೊತ್ತಿಲ್ಲದ್ದೇ?

ಮಳೆಯದ್ದೂ ಇದೇ ಕತೆ. ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಂಚಿಗೆ ಗಟ್ಟಿ ಮೊರಂ ಹಾಕದೆ ಮೇಲೆ ಡಾಂಬರು ಬಳಿದು ಬಿಲ್ಲು ಎತ್ತಿದರೆ, ಒಂದೆರಡು ಮಳೆಗೆ ಅಂಚು ಗೇಣುದ್ದ ಕುಸಿಯುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಕೆಳಗಿಳಿದ ಬೈಕು ಮತ್ತೆ ಮೇಲೆ ಹತ್ತುವುದಿಲ್ಲ. ಹೊಲದಿಂದ ಬಂದ ಟ್ರ್ಯಾಕ್ಟರ್ ಟೈರಿನ ಕರಿಮಣ್ಣು ಡಾಂಬರಿಗೆ ಮೆತ್ತಿ ಹನಿ ಬಿದ್ದರೆ ಬೆಣ್ಣೆಯಂತೆ ಜಾರುತ್ತದೆ. ತಿರುವಿನ ಜಾಲಿ ಗಿಡ ಕಡಿಸಲಿಕ್ಕೂ ಟೆಂಡರ್ ಕಾಯಬೇಕು.

ನಮ್ಮವರನ್ನೂ ಬಿಡುವಂತಿಲ್ಲ. ಸೋಯಾ, ತೊಗರಿ ರಾಶಿ ರಸ್ತೆ ಮೇಲೆ ಹರಡಿ ಸುತ್ತ ಕಲ್ಲಿಟ್ಟು, ರಾಶಿ ಎತ್ತಿದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗುತ್ತೇವೆ. ಒಕ್ಕಲು ಕಣ ಇಲ್ಲ ಅನ್ನುವುದು ನಿಜವೇ, ಕಲ್ಲು ತೆಗೆಯಲು ಕಣ ಬೇಕಿಲ್ಲವಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಾಯಾಳುವಿನ ಮೈ ತಣ್ಣಗಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸೋರುತ್ತಲೇ ಇರುತ್ತದೆ. ಬೀದರ್ ಚಳಿಯಲ್ಲಿ, ಬ್ರಿಮ್ಸ್ ದೂರ ಇರುವಾಗ, ನೆಲದ ಮೇಲೆ ಮಲಗಿಸಿ ವಿಡಿಯೋ ಮಾಡುವ ಹೊತ್ತು ಒಂದು ಜೀವದ ಬೆಲೆ. 108ಕ್ಕೆ ಫೋನ್ ಮಾಡಿ, ರಕ್ತ ಬರುವಲ್ಲಿ ಬಟ್ಟೆ ಒತ್ತಿ ಹಿಡಿಯಿರಿ, ಕಂಬಳಿ ಹೊದಿಸಿ. ಸಹಾಯ ಮಾಡಿದವರ ಮೇಲೆ ಕೇಸು ಆಗದಂತೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಇದೆ. 2025ರ ಮೇ ತಿಂಗಳಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಬಂದಿದೆ. ಆಸ್ಪತ್ರೆಯಲ್ಲಿ ಕೇಳಿ.

ಕಾರ್ಖಾನೆಗಳಿಗೆ ನಾವು ಕೇಳುವುದು ಒಂದೇ. ರಿಫ್ಲೆಕ್ಟರ್ ಇಲ್ಲದ ಟ್ರಾಲಿಯನ್ನು ಕಾಟಾದ ಮೇಲೆ ಹತ್ತಿಸಬೇಡಿ. ತೂಕ ಆಗದಿದ್ದರೆ ಮರುದಿನವೇ ಎಲ್ಲ ಟ್ರಾಲಿಗೂ ಪಟ್ಟಿ ಅಂಟಿರುತ್ತದೆ.

ರಸ್ತೆಯದ್ದು ಬೇರೆ. ಕಳಪೆ ರಸ್ತೆಯಿಂದ ಜೀವ ಹೋದರೆ ಗುತ್ತಿಗೆದಾರ, ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ ಅದೇ ಕಾಯ್ದೆಯ 198ಎ ಕಲಂ ಹೇಳುತ್ತದೆ. ಬೀದರ್ ಜಿಲ್ಲೆಯಲ್ಲಿ ಇದುವರೆಗೆ ಯಾರ ಮೇಲೆ ಈ ಕಲಂ ಹಾಕಿದ್ದೀರಿ ಅಂತ ಮಾಹಿತಿ ಹಕ್ಕಿನಡಿ ಎಸ್‌ಪಿ ಕಚೇರಿಗೆ ಬರೆಯಿರಿ. ಅರ್ಜಿಗೆ 10 ರೂಪಾಯಿ. ಉತ್ತರ ಬಂದರೆ ನಮಗೂ ಕಳಿಸಿ, ಹೆಸರು ಸಮೇತ ಹಾಕುತ್ತೇವೆ.