ಒಲೆ ಬೇರೆಯಾಗಲಿ, ಅಪ್ಪ-ಅವ್ವ ಪಾಲಾಗುವುದು ಬೇಡ

ಅರಳಿಕಟ್ಟೆಯ ಮೇಲೆ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಹಿಂದೆ ಒಂದೇ ಮನೆಯಲ್ಲಿ ಮೂವತ್ತು ಜನ ಉಣ್ತಿದ್ರು. ಈಗ ಮದುವೆಯಾಗಿ ಆರು ತಿಂಗಳಿಗೇ ಬೇರೆ ಒಲೆ." ಕೊನೆಗೆ ತಪ್ಪೆಲ್ಲ ಬಂದು ನಿಲ್ಲುವುದು ಸೊಸೆಯ ತಲೆ ಮೇಲೆ.

ನಾವು ಇದನ್ನು ಒಪ್ಪುವುದಿಲ್ಲ. ನೀವೇ ಲೆಕ್ಕ ಹಾಕಿ ನೋಡಿ. ಅಜ್ಜನಿಗೆ 12 ಎಕರೆ ಇತ್ತು ಅಂದುಕೊಳ್ಳಿ. ಮೂರು ಗಂಡುಮಕ್ಕಳಿಗೆ ಹಂಚಿದರೆ ತಲಾ 4 ಎಕರೆ. ಅವರಿಗೂ ಇಬ್ಬಿಬ್ಬರು ಮಕ್ಕಳಾದರೆ ತಲಾ 2 ಎಕರೆ. ಮಳೆ ನಂಬಿದ 2 ಎಕರೆಯಲ್ಲಿ ಒಂದು ಸಂಸಾರ ಸಾಗುವುದೇ ಕಷ್ಟ. ಅದಕ್ಕೇ ಒಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ, ಇನ್ನೊಬ್ಬ ಗಾರ್ಮೆಂಟ್ಸ್ ಸೇರಿದ. ದುಡಿಮೆ ಬೇರೆಯಾದ ಮೇಲೆ ಒಲೆ ಎಷ್ಟು ದಿನ ಒಂದೇ ಇರುತ್ತದೆ?

ಹಳೆಯ ತುಂಬಿದ ಮನೆ ಎಲ್ಲರಿಗೂ ಸುಖದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮೂವತ್ತು ಜನರಿಗೆ ರೊಟ್ಟಿ ಬಡಿದವರು, ಮುದ್ದೆ ತೊಳಸಿದವರು, ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡವರು ಆ ಮನೆಯ ಸೊಸೆಯರು. ಅವರನ್ನು ಕೇಳಿದರೆ ಕಟ್ಟೆಯ ಮಾತಿಗಿಂತ ಬೇರೆಯೇ ಕಥೆ ಸಿಗುತ್ತದೆ.

ಸರ್ಕಾರದ ಲೆಕ್ಕದಲ್ಲೂ ಮನೆ ಎಂದರೆ ಈಗ ರೇಷನ್ ಕಾರ್ಡ್. 2023ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿಯಲ್ಲಿ ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ, ತಿಂಗಳಿಗೆ 2,000 ರೂಪಾಯಿ. ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಬಂದ ಮನೆಗಳಲ್ಲಿ ಕಾರ್ಡೂ ಬೇರೆ ಮಾಡಿಸುವ ಮಾತು ಬಂತು.

ಹಾಗಾಗಿ ಬೇರೆ ಹೋಗುವುದು ತಪ್ಪಲ್ಲ ಎನ್ನುವುದು ನಮ್ಮ ಅಭಿಪ್ರಾಯ. ನಮ್ಮ ತಕರಾರು ಇರುವುದು ಬೇರೆ ಹೋಗುವ ರೀತಿಯ ಬಗ್ಗೆ. ಹೊಲ, ದನ, ಹಿತ್ತಾಳೆ ಹಂಡೆ ಹಂಚಿದ ಹಾಗೆ ಹೆತ್ತವರನ್ನೂ ಹಂಚುತ್ತೇವೆ. ಅಪ್ಪ ದೊಡ್ಡವನಿಗೆ, ಅವ್ವ ಚಿಕ್ಕವನಿಗೆ. ಇಲ್ಲವೆಂದರೆ ತಿಂಗಳ ಪಾಳಿ. 31ನೇ ದಿನದ ಊಟ ಯಾರ ಮನೆಯದು ಅಂತ ಅಲ್ಲೂ ಮಾತು. ನಲವತ್ತು ವರ್ಷ ಜೊತೆಗೆ ಬಾಳಿದ ಇಬ್ಬರು ಒಂದೇ ಬೀದಿಯ ಎರಡು ಜಗಲಿಯಲ್ಲಿ ಕೂತು ಒಬ್ಬರನ್ನೊಬ್ಬರು ನೋಡಬೇಕು. ಇಂಥ ಪಾಲನ್ನು ಹಿರಿಯರೇ ಪಂಚಾಯ್ತಿ ಕೂತು ಮಾಡುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ.

ಪಾಲು ಮಾಡುವಾಗ ಮೊದಲು ಅಪ್ಪ-ಅವ್ವನ ಪಾಲು ತೆಗೆದಿಡಿ. ಇಬ್ಬರೂ ಒಟ್ಟಿಗೆ ಇರಲು ಒಂದು ಕೋಣೆ, ಅವರ ಹೆಸರಲ್ಲೇ ಒಂದಿಷ್ಟು ಜಮೀನು, ಔಷಧಿಯ ಖರ್ಚು ಯಾರು ಎಷ್ಟು ಕೊಡಬೇಕು ಎಂಬುದು ಕಾಗದದ ಮೇಲೆ ಬರಲಿ.

ಹಿರಿಯರಿಗೂ ಒಂದು ಮಾತು. ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದಾದರೆ, ಕೊನೆವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಿ. ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಲ್ಲಿ ದಾರಿ ಇದೆ. ತಮ್ಮನ್ನು ತಾವು ನೋಡಿಕೊಳ್ಳಲು ಆಗದವರು ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಕಚೇರಿಗೆ ಅರ್ಜಿ ಕೊಡಬಹುದು.

ಆ ಕಾಯ್ದೆಯ ಪ್ರಕಾರ ನೋಡಿಕೊಳ್ಳುವ ಹೊಣೆ ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳದೂ ಹೌದು. ಹೊಣೆ ಇದ್ದಂತೆ ಹಕ್ಕೂ ಇದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತು. 2005ರಲ್ಲಿ ದೇಶದ ಕಾನೂನು ಮದುವೆಯಾದವರಿಗೂ ಕೊಟ್ಟಿತು. ನಾವು ಮಾತ್ರ ಇಂದಿಗೂ ಒಂದು ಸೀರೆ, ಅರಿಶಿನ-ಕುಂಕುಮ ಕೊಟ್ಟು ಅಕ್ಕ-ತಂಗಿಯರಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಆಮೇಲೆ ಅವ್ವ ಹಾಸಿಗೆ ಹಿಡಿದಾಗ ಮೊದಲ ಫೋನು ಹೋಗುವುದು ಅದೇ ಮಗಳಿಗೆ.

ಮೂವತ್ತು ಜನರ ಮನೆ ಮತ್ತೆ ಬರುವುದಿಲ್ಲ, ಬರಲೇಬೇಕೆಂದೂ ಇಲ್ಲ. ನಿಮ್ಮ ಮನೆಯಲ್ಲಿ ಪಾಲಿನ ಮಾತು ನಡೆಯುತ್ತಿದ್ದರೆ ಹೊಲದ ಬದು ಅಳೆಯುವ ಮುಂಚೆ ಅಪ್ಪ-ಅವ್ವನನ್ನು ಒಟ್ಟಿಗೆ ಕೂರಿಸಿ, "ನಿಮಗೆ ಏನು ಬೇಕು?" ಅಂತ ಕೇಳಿ. ಆ ಮಾತಿಗೆ ಅಕ್ಕ-ತಂಗಿಯರನ್ನೂ ಕರೆಯಿರಿ.