ನೇತ್ರಾಣಿಯ ಕಡಲಿಗೆ ಇಳಿಯುವ ಮುನ್ನ

ನೊಣವಿನಕೆರೆ ಕಡೆಯ ತೋಟದ ಮನೆಗಳಲ್ಲಿ ರಜೆ ಹತ್ತಿರ ಬಂತೆಂದರೆ ಈಚೆಗೆ ಒಂದು ಹೊಸ ಬೇಡಿಕೆ ಕೇಳಿಬರುತ್ತಿದೆ. ಧರ್ಮಸ್ಥಳ, ಶೃಂಗೇರಿ, ಮುರುಡೇಶ್ವರ ಎಂದು ಹೊರಡುತ್ತಿದ್ದ ಕುಟುಂಬಗಳಲ್ಲಿ ಮಕ್ಕಳು ಈಗ ಅಪ್ಪನನ್ನು ಕಾಡುವುದು ಸ್ಕೂಬಾ ಡೈವಿಂಗ್‌ಗಾಗಿ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದು ನೇತ್ರಾಣಿಯ ನೀರಿನಾಳವನ್ನು ಊರೂರಿಗೆ ತೋರಿಸಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ಹಿಂದೆಂದೂ ಕಾಣದಷ್ಟು ಏರಿ, ಕೈಯಲ್ಲಿ ನಾಲ್ಕು ಕಾಸೂ ಆಡಿತು. ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೋಗಬೇಡಿ ಎಂದು ಹೇಳುವವನು ನಾನಲ್ಲ. ಮೀನನ್ನು ಮಾರುಕಟ್ಟೆಯ ಬುಟ್ಟಿಯಲ್ಲಿ ಮಾತ್ರ ಕಂಡಿರುವ ಬಯಲುಸೀಮೆಯ ಮಗುವಿಗೆ ಹವಳದ ದಿಬ್ಬದ ಸುತ್ತ ಹಳದಿ, ನೀಲಿ ಮೀನುಗಳು ಹಿಂಡುಹಿಂಡಾಗಿ ಸುಳಿಯುವುದನ್ನು ತೋರಿಸುವುದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಆದರೆ ದೋಣಿ ಹತ್ತುವ ಮೊದಲು ಕೈಗೆ ಬರುವ ಒಂದು ಆರೋಗ್ಯ ಪ್ರಶ್ನಾವಳಿಯನ್ನು ನಮ್ಮ ಜನ ತುಂಬುವ ರೀತಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಮೊದಲು ಸ್ಥಳದ ವಿಚಾರ. ತಿಪಟೂರಿನವರು ದಿನವೂ ಓಡಾಡುವ ಬಿ.ಎಚ್. ರಸ್ತೆಯ ಹೆಸರಿನಲ್ಲಿರುವ ‘ಎಚ್’ ಎಂದರೆ ಹೊನ್ನಾವರ. ಅದೇ ದಾರಿ ಹಿಡಿದು ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಹೊನ್ನಾವರ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಭಟ್ಕಳ ತಾಲೂಕಿನ ಮುರುಡೇಶ್ವರ. ಅದರ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಪಾರಿವಾಳದ ಗುಡ್ಡ ಎಂದೂ ಹೇಳುವುದುಂಟು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಡೈವಿಂಗ್ ನಡೆಯುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಹಂಗಾಮು. ಮಹಾರಾಷ್ಟ್ರದ ಮಾಲವಣ, ಪುದುಚೇರಿ, ಲಕ್ಷದ್ವೀಪ, 2018ರಿಂದ ಸ್ವರಾಜ್ ದ್ವೀಪ ಎಂದು ಕರೆಯುವ ಅಂಡಮಾನಿನ ಹ್ಯಾವ್‌ಲಾಕ್ ಇವೆಲ್ಲ ಉಂಟು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅಂಡಮಾನಿಗೆ ವಿಮಾನದ ಖರ್ಚು. ಮೊದಲ ಸಲ ನೀರಿಗಿಳಿಯುವ ಕುಟುಂಬಕ್ಕೆ ನೇತ್ರಾಣಿಯೇ ಧಾರಾಳವಾಯಿತು.

ನೀರಿನಡಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಲು ತೋಟದ ಬಾವಿಯನ್ನೇ ನೆನೆಸಿಕೊಳ್ಳಿ. ಬಾವಿಯಲ್ಲಿ ಮುಳುಗಿ ತಳದ ಮಣ್ಣು ಹಿಡಿದು ತರುವ ಪಂದ್ಯ ಕಟ್ಟಿದವರಿಗೆ ಹತ್ತಡಿ ಇಳಿಯುವುದರೊಳಗೆ ಕಿವಿ ಚುಳ್ ಎಂದದ್ದು ಮರೆತಿರಲಾರದು. ನೀರಿನ ಭಾರ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ, ನೋವು ಅದರದ್ದು. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಳಿಕೆ ತೆರೆದು ಒಳಗಿನ ಒತ್ತಡ ಸರಿಹೋಗುತ್ತದೆ. ಇದನ್ನು ಮೊಳಮೊಳಕ್ಕೂ ಮಾಡುತ್ತಿರಬೇಕು, ನೋವು ಶುರುವಾಗುವ ಮೊದಲೇ ಮಾಡಬೇಕು. ನೆಗಡಿಯಿಂದ ಮೂಗು ಕಟ್ಟಿದ್ದರೆ ಆ ನಳಿಕೆ ತೆರೆಯದು. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿದರೆ, ನೀರಿನಡಿಯಲ್ಲೇ ಅದರ ಪ್ರಭಾವ ಇಳಿದು, ಮೇಲೆ ಬರುವಾಗ ಕಿವಿ ಕಟ್ಟಿಕೊಂಡು ಹಾನಿಯಾದೀತು. ನೆಗಡಿ ಇದ್ದ ದಿನ ದೋಣಿಯಲ್ಲೇ ಕುಳಿತಿರಿ. ದುಡ್ಡು ಹೋದರೆ ಹೋಗಲಿ.

ಬಾವಿಗೂ ಸ್ಕೂಬಾಕ್ಕೂ ಒಂದು ವ್ಯತ್ಯಾಸವುಂಟು, ಪ್ರಾಣಕ್ಕೆ ಸಂಬಂಧಿಸಿದ್ದು. ಬಾವಿಯಲ್ಲಿ ಮುಳುಗುವವನು ದಡದಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದಿರುತ್ತಾನೆ. ಸ್ಕೂಬಾದಲ್ಲಿ ಸಿಲಿಂಡರಿನಿಂದ ಬರುವ ಗಾಳಿ ಆಳದ ಒತ್ತಡಕ್ಕೆ ತಕ್ಕಂತೆ ಒತ್ತಿ ತುಂಬಿದ ಗಾಳಿ. ಹತ್ತು ಮೀಟರ್ ಕೆಳಗೆ ಎದೆ ತುಂಬ ಎಳೆದುಕೊಂಡದ್ದನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತ ಸೇರಿ ಮಿದುಳಿಗೆ ಹೋದೀತು. ಹೆದರಿ ಮೇಲಕ್ಕೆ ಚಿಮ್ಮುವವರಿಗೆ ಎರಡಾಳು ನೀರೂ ಅಪಾಯಕರವೇ. ಬಾವಿಯ ಈಜುಗಾರರು ‘ನಮಗೇನು ಕಲಿಸುತ್ತೀರಿ’ ಎಂಬ ಧಿಮಾಕನ್ನು ದಡದಲ್ಲಿ ಬಿಟ್ಟುಹೋಗಬೇಕಾದುದು ಈ ಕಾರಣಕ್ಕೆ: ನೀರಿನಡಿಯಲ್ಲಿ ಉಸಿರು ಕಟ್ಟಲೇಬಾರದು. ಇನ್ನೊಂದು ಮಾತು, ನಾವು ‘ಚೆನ್ನಾಗಿದೆ’ ಎನ್ನಲು ಎತ್ತುವ ಹೆಬ್ಬೆರಳಿಗೆ ಅಲ್ಲಿ ‘ಮೇಲೆ ಹೋಗೋಣ’ ಎಂದರ್ಥ!

ಈಗ ಆ ಪ್ರಶ್ನಾವಳಿಗೆ ಬರೋಣ. ಕೆಮ್ಮು, ಉಬ್ಬಸ, ಎದೆನೋವು, ಮೂರ್ಛೆ, ಸಕ್ಕರೆ ಕಾಯಿಲೆ, ಕಿವಿಯ ಶಸ್ತ್ರಚಿಕಿತ್ಸೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ಗರ್ಭ, ಇವನ್ನೆಲ್ಲ ಅದು ಕೇಳುತ್ತದೆ. ವಯಸ್ಸು ನಲವತ್ತೈದು ದಾಟಿದ್ದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಕುರಿತು ಪ್ರತ್ಯೇಕವಾಗಿ ವಿಚಾರಿಸುತ್ತದೆ. ಕೆಲವು ಪ್ರಶ್ನೆಗಳಿಗೆ ‘ಹೌದು’ ಎಂದರೆ ವೈದ್ಯರ ಒಪ್ಪಿಗೆ ಬೇಕಾಗುತ್ತದೆ. ಅಷ್ಟು ದೂರ ಹೋಗಿ, ಹಣ ಕಟ್ಟಿ, ಮಕ್ಕಳೆಲ್ಲ ಕುಣಿಯುತ್ತಿರುವಾಗ ಯಾವ ಅಪ್ಪ ‘ಹೌದು’ ಎಂದು ಗುರುತು ಹಾಕುತ್ತಾನೆ? ಎಲ್ಲಕ್ಕೂ ‘ಇಲ್ಲ’ ಬರೆದು ಸಹಿ ಹಾಕಿಬಿಡುತ್ತಾನೆ. ಎದುರಿಗಿದ್ದವರಿಗೂ ಸದ್ಯ ಒಂದು ತಲೆನೋವು ಕಳೆಯಿತು.

ಈ ಸುಳ್ಳಿನ ಬೆಲೆ ಯಾರು ತೆರುತ್ತಾರೆ ನೋಡಿ. ಕುತ್ತಿಗೆವರೆಗೆ ನೀರಿನಲ್ಲಿ ಇಳಿದೊಡನೆ ಕಾಲಿನ ಕಡೆಯ ರಕ್ತ ಅರ್ಧ ಲೀಟರಿಗೂ ಹೆಚ್ಚು ಎದೆಯತ್ತ ಸರಿಯುತ್ತದೆ. ಹೃದಯದ ಕೆಲಸ ಹೆಚ್ಚುತ್ತದೆ. ಹತೋಟಿಯಲ್ಲಿಲ್ಲದ ರಕ್ತದೊತ್ತಡದವರಿಗೆ ನೀರಿನಲ್ಲಿದ್ದಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬಿ ಏದುಸಿರು ಬರುವುದುಂಟು. ಡೈವಿಂಗ್ ಮಾಡುವಾಗ ಸಂಭವಿಸುವ ಸಾವುಗಳಲ್ಲಿ ಗಣನೀಯ ಪಾಲು, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ, ಹೃದಯದ ಕಾಯಿಲೆಯದು. ಶಾರ್ಕಿನ ಭಯ ಪಡುವವರು ತಮ್ಮ ಬಿ.ಪಿ.ಗೆ ಹೆದರಬೇಕಿತ್ತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಶ್ರಮ, ವಾಂತಿ, ತಪ್ಪಿದ ಊಟ ಎಲ್ಲ ಸೇರಿ ರಕ್ತದ ಸಕ್ಕರೆ ಕುಸಿಯಬಹುದು. ಆ ತಲೆಸುತ್ತು ದಡದಲ್ಲಾದರೆ ಒಂದು ಚಮಚ ಸಕ್ಕರೆಯಿಂದ ಮುಗಿಯುತ್ತದೆ. ನೀರಿನಡಿಯಲ್ಲಿ ಯಾರು ಕೊಡಬೇಕು? ಉಬ್ಬಸದವರ ಶ್ವಾಸನಾಳ ಬಿಗಿದುಕೊಂಡರೆ ಮೇಲೆ ಬರುವಾಗ ಹಿಗ್ಗಿದ ಗಾಳಿ ಹೊರಬರಲು ದಾರಿ ಸಿಗದು. ಕೊಬ್ಬರಿ ಅಟ್ಟದ ಧೂಳು, ನಾರಿನ ಪುಡಿ ತಾಗಿದರೆ ಎದೆ ಗೊರಗೊರ ಎನ್ನುವವರು ನಮ್ಮ ಕಡೆ ಎಷ್ಟೋ ಮಂದಿ. ಅವರು ಅದನ್ನು ಕಾಯಿಲೆಯೆಂದೇ ಎಣಿಸಿರುವುದಿಲ್ಲ. ಅಂಥವರು ಮೊದಲೇ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಳ್ಳಲಿ. ಮೂರ್ಛೆ ರೋಗ, ಕಿವಿ ಸೋರುವಿಕೆ, ತಮಟೆಯಲ್ಲಿ ತೂತು, ಹಿಂದೊಮ್ಮೆ ತಾನಾಗಿ ಶ್ವಾಸಕೋಶ ಕುಸಿದ ಚರಿತ್ರೆ ಇರುವವರು ಮತ್ತು ಗರ್ಭಿಣಿಯರು ಇಳಿಯಲೇಕೂಡದು. ಹತ್ತು ವರ್ಷ ತುಂಬದ ಮಕ್ಕಳೂ ಬೇಡ.

ನನ್ನ ಒತ್ತಾಯವಿಷ್ಟೆ. ಆ ಪ್ರಶ್ನಾವಳಿ ಕನ್ನಡದಲ್ಲಿರಬೇಕು, ಮುಂಗಡ ಹಣ ಕಟ್ಟಿದ ದಿನವೇ ಮನೆಗೆ ಬರಬೇಕು. ಮನೆಯಲ್ಲಿ ಕುಳಿತು, ಹೆಂಡತಿಯ ಎದುರು ತುಂಬಿದ ಪತ್ರದಲ್ಲಿ ಸುಳ್ಳು ಕಡಿಮೆ! ‘ಹೌದು’ ಎಂದವರಿಗೆ ವೈದ್ಯರನ್ನು ಕಾಣಲು ಸಮಯ ಸಿಗುತ್ತದೆ, ಬೇಡವೆಂದಾದರೆ ಹಣ ವಾಪಸು ಎಂಬ ಷರತ್ತೂ ಇರಲಿ. ನನ್ನ ವೃತ್ತಿಬಾಂಧವರಿಗೂ ಒಂದು ಮಾತು: ರಜೆ ಅರ್ಜಿಗೆ ಸರ್ಟಿಫಿಕೇಟು ಬರೆದಷ್ಟು ಸಲೀಸಾಗಿ ಇದಕ್ಕೆ ಸಹಿ ಹಾಕಬೇಡಿ. ಕಿವಿಯೊಳಗೆ ಇಣುಕಿ ನೋಡಿ, ಬಿ.ಪಿ. ಅಳೆಯಿರಿ, ಮೂರು ಮಹಡಿ ಮೆಟ್ಟಿಲು ಹತ್ತಿಸಿ ನೋಡಿ.

ಈಜು ಬಾರದವರೂ ಸ್ಕೂಬಾ ಮಾಡಬಹುದು ಎಂಬ ಜಾಹೀರಾತು ಸುಳ್ಳೇನಲ್ಲ. ಮೊದಲ ಅನುಭವದಲ್ಲಿ ತರಬೇತುದಾರರು ಕೈಬಿಡದೆ ಜೊತೆಗಿರುತ್ತಾರೆ. ಆದರೂ ತೇಲಲು ಬರುವವನಿಗೆ ಗಾಬರಿ ಕಡಿಮೆ. ಹಿಂದೆ ತೋಟದ ಮಕ್ಕಳು ಒಣಗಿದ ಎರಡು ಸಿಪ್ಪೆಗಾಯಿಯನ್ನು ಹಗ್ಗದಲ್ಲಿ ಜೋಡಿಸಿ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದ ಮೇಲೆ ನೀರು ಕಂಡರಿಯದ ಒಂದು ಪೀಳಿಗೆ ಬೆಳೆದಿದೆ. 2024ರ ಡಿಸೆಂಬರ್ 10ರಂದು ಇದೇ ಮುರುಡೇಶ್ವರದ ದಡದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅವರು ಸ್ಕೂಬಾಕ್ಕೆ ಹೋದವರಲ್ಲ, ಬರಿದೆ ದಡದ ನೀರಿಗಿಳಿದವರು. ಹವಳ ತೋರಿಸಲು ಕರೆದೊಯ್ಯುವ ತಂದೆತಾಯಿ ಹಿಂದಿನ ದಿನ ಸಂಜೆ ದಡದಲ್ಲಿ ಮಕ್ಕಳ ಕೈ ಬಿಡಬಾರದು.

ಹೋಗುವ ದಿನ ಬೆಳಗ್ಗೆ ಉಪವಾಸವೂ ಬೇಡ, ಹೊಟ್ಟೆ ಬಿರಿಯುವ ಪೂರಿಸಾಗೂ ಬೇಡ. ಎರಡು ಗಂಟೆ ಮೊದಲು ಎರಡು ಇಡ್ಲಿ ಸಾಕು. ಹಿಂದಿನ ರಾತ್ರಿ ಮದ್ಯ ಸಲ್ಲದು. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸುವವರು ದೂರದ ದಿಗಂತ ನೋಡುತ್ತಾ ಗಾಳಿಗೆ ಮುಖವೊಡ್ಡಿ ಕೂರಲಿ. ವಾಂತಿ ತಡೆವ ಮಾತ್ರೆಗಳು ಮಂಪರು ತರುತ್ತವೆ, ವೈದ್ಯರನ್ನು ಕೇಳದೆ ನುಂಗಬಾರದು.

ಮರಳುವಾಗಲೂ ಅವಸರ ಬೇಡ. ಆಳದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗಿರುತ್ತದೆ. ಒತ್ತಡ ತಟ್ಟನೆ ಇಳಿದರೆ ಗೋಲಿ ಸೋಡಾ ಒಡೆದಂತೆ ಗುಳ್ಳೆಗಳೇಳುತ್ತವೆ. ಒಂದು ಸಲ ಇಳಿದವರು ಕನಿಷ್ಠ ಹನ್ನೆರಡು ಗಂಟೆ, ಹಲವು ಸಲ ಇಳಿದವರು ಹದಿನೆಂಟು ಗಂಟೆ ವಿಮಾನ ಹತ್ತಬಾರದು ಎಂಬ ನಿಯಮ ಅದಕ್ಕೇ. ನಮ್ಮವರಿಗೆ ವಿಮಾನವಿಲ್ಲ, ಆದರೆ ಘಟ್ಟವಿದೆ. ತಿಪಟೂರು ಸೀಮೆ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಅರ್ಧ ಗಂಟೆ, ಕಡಿಮೆ ಆಳದಲ್ಲಿ ಒಂದೇ ಸಲ ಇಳಿದವರಿಗೆ ಅಪಾಯ ಸಣ್ಣದು ನಿಜ. ಆದರೂ ಅಂದೇ ರಾತ್ರಿ ಘಟ್ಟ ಹತ್ತುವ ಬದಲು ದಡದಲ್ಲಿ ಮಲಗಿ ಬೆಳಗ್ಗೆ ಹೊರಡಿ.

ಊರಿಗೆ ಬಂದ ಮೇಲೆ ಕೀಲುನೋವು, ಜೋಮು, ತಲೆಸುತ್ತು, ಎದೆಯಲ್ಲಿ ಹಿಡಿದಂತಾಗುವುದು ಕಂಡರೆ ಡೈವಿಂಗ್ ಮಾಡಿದ ವಿಚಾರವನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಕೇಳದಿದ್ದರೆ ಅವರಿಗೆ ಹೊಳೆಯದು. ಕಿವಿ ನೋಯುತ್ತಿದ್ದರೆ, ಕಿವಿ ಕೇಳಿಸದಿದ್ದರೆ, ನೀರೋ ರಕ್ತವೋ ಜಿನುಗಿದರೆ ನಮ್ಮ ಮನೆಗಳಲ್ಲಿ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತರುತ್ತಾರೆ. ತಮಟೆ ಹರಿದಿದ್ದರೆ ಆ ಎಣ್ಣೆ ಒಳಕಿವಿಯ ಕಡೆಗೆ ಇಳಿದು ಸೋಂಕು ಹತ್ತಿಸುತ್ತದೆ. ಅಜ್ಜಿಗೆ ಬೇಸರವಾಗದಂತೆ ಆ ಎಣ್ಣೆಯನ್ನು ತಲೆಗೆ ಹಚ್ಚಿಸಿಕೊಳ್ಳಿ. ಕಿವಿಗೆ ಒಣ ಹತ್ತಿ ಇಟ್ಟುಕೊಂಡು ಕಿವಿ–ಮೂಗು–ಗಂಟಲು ತಜ್ಞರ ಬಳಿ ಹೋಗಿ.